ಕವೆ, ಕೊಕ್ಕೆ, ಮೇಟಿ: ಹುಲ್ಲಿನ ಕೆಲಸದ ಮರದ ಉಪಕರಣಗಳು ಮತ್ತು ಅವುಗಳ ಪದಲೋಕ

ಕನ್ನಡನಾಡಿನ ಕೃಷಿ ಉಪಕರಣಗಳ ಹೆಸರುಗಳನ್ನು ಬರೆದಿಡುವ ಪ್ರಯತ್ನಕ್ಕೆ ಎರಡು ಶತಮಾನಗಳಿಗೂ ಮೀರಿದ ಇತಿಹಾಸವಿದೆ. 1800-01ರಲ್ಲಿ ಮೈಸೂರು, ಕೆನರಾ ಮತ್ತು ಮಲಬಾರ್ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, 1807ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ತನ್ನ ಮೂರು ಸಂಪುಟಗಳ ಪ್ರವಾಸಗ್ರಂಥದಲ್ಲಿ ಕೂರಿಗೆ, ಕುಂಟೆ ಮೊದಲಾದವುಗಳ ಚಿತ್ರಗಳನ್ನು ಸ್ಥಳೀಯ ಹೆಸರುಗಳೊಡನೆ ಕೊಟ್ಟಿದ್ದಾನೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಅವರ ಕೋಶದಲ್ಲಿ ಬೇಸಾಯದ ಪದಗಳು ಹೇರಳವಾಗಿವೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನಲ್ಲಿ ಈ ಪದಗಳಿಗೆ ಕಾವ್ಯಪ್ರಯೋಗಗಳ ಆಧಾರವೂ ದೊರೆಯಿತು. ನೆರೆಯ ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರು 1962ರಷ್ಟು ಹಿಂದೆಯೇ ಮಾಂಡಲಿಕ ವೃತ್ತಿಪದಕೋಶದ ಮೊದಲ ಸಂಪುಟವನ್ನು ಪೂರ್ತಿಯಾಗಿ ವ್ಯವಸಾಯಕ್ಕೇ ಮೀಸಲಿಟ್ಟರು.

ಇಷ್ಟಾದರೂ ಈ ಬಗೆಯ ಸಂಗ್ರಹಗಳನ್ನು ತಿರುವಿಹಾಕಿದಾಗ ಒಂದು ಅಸಮತೆ ಎದ್ದು ಕಾಣುತ್ತದೆ. ಉಳುಮೆ ಮತ್ತು ಬಿತ್ತನೆಯ ಉಪಕರಣಗಳಿಗೆ ದೊರೆತಿರುವ ವಿವರ ಕೊಯ್ಲಿನ ಉಪಕರಣಗಳಿಗೆ ಕಡಿಮೆ. ಕೊಯ್ಲಿನವುಗಳಿಗೆ ದೊರೆತಷ್ಟು ಹುಲ್ಲಿನ ಕೆಲಸದವುಗಳಿಗೆ ಇಲ್ಲ. ನೇಗಿಲಿನ ಒಂದೊಂದು ಅಂಗಕ್ಕೂ, ಅಂದರೆ ಈಚು, ಮೇಣಿ, ಗುಳ, ನೊಗ, ಮಿಣಿ ಇತ್ಯಾದಿಗಳಿಗೆಲ್ಲ, ಪ್ರತ್ಯೇಕ ವಿವರಣೆಯಿದೆ. ಕಣದಲ್ಲಿ ಹುಲ್ಲನ್ನು ಎತ್ತಿ ಕೊಡಹುವ ಕೋಲಿಗೆ, ಬಣವೆಯಿಂದ ಹುಲ್ಲು ಹಿರಿಯುವ ಕೊಕ್ಕೆಗೆ, ರಾಶಿಯನ್ನು ಗೋರುವ ಹಲಗೆಗೆ ಬರುವುದು ಆಕಾರವನ್ನು ಸೂಚಿಸುವ ಒಂದೆರಡು ಮಾತುಗಳು ಮಾತ್ರ. ಈ ಕೊರತೆ ಆಕಸ್ಮಿಕವಲ್ಲವೆಂಬುದು ಪ್ರಸ್ತುತ ಲೇಖನದ ನಿಲುವು. ಹುಲ್ಲಿನ ಉಪಕರಣಗಳಿಗೆ ಹೆಸರು ಬಂದಿರುವ ರೀತಿಯೇ ಬೇರೆ. ಅವುಗಳ ಅರ್ಥ ನಾಮಪದದಲ್ಲಿ ಇಲ್ಲ, ಅವು ಮಾಡುವ ಕೆಲಸವನ್ನು ಹೇಳುವ ಕ್ರಿಯಾಪದದಲ್ಲಿದೆ. ಕ್ರಿಯಾಪದವನ್ನು ಬಿಟ್ಟು ನಾಮಪದವನ್ನಷ್ಟೇ ಸಂಗ್ರಹಿಸಿದರೆ ಉಳಿಯುವುದು ಕೋಲು, ಕವೆ, ಕೊಕ್ಕೆ ಎಂಬ ಮೂರು ಬರಿಯ ಶಬ್ದಗಳು.

ಮೊದಲಿಗೆ 'ಹುಲ್ಲು' ಎಂಬ ಪದವನ್ನೇ ನೋಡಬೇಕು. ಹಳಗನ್ನಡದ 'ಪುಲ್', ತಮಿಳು ಮಲಯಾಳಗಳ 'ಪುಲ್' ಒಂದೇ ಮೂಲದವು. ಯುರೋಪಿನ ಹಲವು ಭಾಷೆಗಳು ಹಸಿಯಾಗಿ ಕೊಯ್ದು ಒಣಗಿಸಿದ ಹುಲ್ಲಿಗೂ ಕಾಳು ತೆಗೆದ ಮೇಲೆ ಉಳಿದ ಪೈರಿನ ಕಡ್ಡಿಗೂ ಬೇರೆ ಬೇರೆ ಪದಗಳನ್ನು ಬಳಸುತ್ತವೆ. ಕನ್ನಡದಲ್ಲಿ ಅವೆರಡೂ ಹುಲ್ಲೇ: ನೆಲ್ಲುಹುಲ್ಲು, ರಾಗಿಹುಲ್ಲು, ಬೆಟ್ಟದ ಹುಲ್ಲು. ಆದರೆ ವಿಶೇಷ ಪದಗಳಿಲ್ಲವೆಂದು ಭಾವಿಸಬಾರದು. ಮಲೆನಾಡು ಮತ್ತು ಕರಾವಳಿಯ ಅಂಚಿನಲ್ಲಿ ಬೇಣಗಳಿಂದ ಕೊಯ್ದು ತರುವ ಉದ್ದನೆಯ ಒಣಹುಲ್ಲಿಗೆ 'ಕರಡ' ಎಂಬ ಹೆಸರಿದೆ. ಉತ್ತರ ಕರ್ನಾಟಕದಲ್ಲಿ ಜೋಳದ ಕಡ್ಡಿ 'ಕಣಿಕಿ' ಅಥವಾ 'ಸೊಪ್ಪಿ' ಆಗುತ್ತದೆ, ಹುಲ್ಲಲ್ಲ. ಕಾಳಿನ ಸಿಪ್ಪೆ ಮತ್ತು ಪುಡಿಯಾದ ಎಲೆ 'ಹೊಟ್ಟು'. ಇವೆಲ್ಲವನ್ನೂ ದನದ ದೃಷ್ಟಿಯಿಂದ ಒಟ್ಟಾಗಿ ಕರೆಯುವಾಗ 'ಮೇವು'. ಹೀಗೆ ಕನ್ನಡ ವಿಂಗಡಿಸುವುದು ಹಸಿ ಹುಲ್ಲನ್ನು ಒಣಗಿಸಿದ್ದೋ ಕಾಳು ತೆಗೆದದ್ದೋ ಎಂಬ ಆಧಾರದ ಮೇಲಲ್ಲ; ಯಾವ ಪೈರಿನದು, ಕೈಗೆ ಹೇಗೆ ಸಿಗುತ್ತದೆ ಎಂಬುದರ ಮೇಲೆ.

ಕೈಗೆ ಹೇಗೆ ಸಿಗುತ್ತದೆ ಎಂಬುದನ್ನು ನಿರ್ಧರಿಸುವುದು ಒಕ್ಕಣೆಯ ಕ್ರಮ. ಉಪಕರಣಗಳ ಅಧ್ಯಯನದಲ್ಲಿ ಇದಕ್ಕಿಂತ ಮುಖ್ಯವಾದ ಅಂಶ ಇನ್ನೊಂದಿಲ್ಲವಾದ್ದರಿಂದ ಇಲ್ಲಿ ತುಸು ವಿವರವಾಗಿ ಹೇಳಬೇಕಾಗಿದೆ.

ಕರಾವಳಿಯಲ್ಲಿ ಬತ್ತದ ಸೂಡಿಯನ್ನು ಕೈಯಲ್ಲಿ ಹಿಡಿದು ಪಟ್ಟಿಗಳಿರುವ ಮರದ ಮಂಚದ ಮೇಲೆ ಬಡಿಯುವುದು ರೂಢಿ. ಇದನ್ನು ಕುಂದಾಪುರದ ಕನ್ನಡದಲ್ಲಿ 'ಹಡಿಮಂಚ' ಎನ್ನುತ್ತಾರೆ, ತುಳುವಿನಲ್ಲಿ 'ಪಡಿಮಂಚ'. ಪಕಾರ ಹಕಾರವಾದ ಪರಿವರ್ತನೆಗೆ ಪಾಠ ಹೇಳುವಾಗ ಪಾಲು-ಹಾಲುಗಳ ಜೊತೆಗೆ ಇದನ್ನೂ ಕೊಡಬಹುದು. ಬಡಿದಾಗ ಕಾಳು ಪಟ್ಟಿಗಳ ಸಂದಿನಿಂದ ಕೆಳಗೆ ಬೀಳುತ್ತದೆ, ಹುಲ್ಲು ಮುರಿಯದೆ ನೇರವಾಗಿ ಕೈಯಲ್ಲೇ ಉಳಿಯುತ್ತದೆ. ನೇರವಾಗಿ ಉಳಿದ ಹುಲ್ಲನ್ನು ಕಟ್ಟು ಕಟ್ಟಬಹುದು, ಹಗ್ಗ ಹೊಸೆಯಬಹುದು, ಮಾಡಿಗೆ ಹೊದಿಸಬಹುದು, ಅಕ್ಕಿಯ ಮುಡಿ ಕಟ್ಟಬಹುದು. ಅಲ್ಲಿ ಹುಲ್ಲನ್ನು ಎತ್ತುವುದಕ್ಕೆ ಕವೆಗೋಲಿನ ಅಗತ್ಯ ಬಹುಮಟ್ಟಿಗೆ ಬೀಳುವುದೇ ಇಲ್ಲ. ಕೈಯೇ ಉಪಕರಣ. ಆದ್ದರಿಂದ ಕರಾವಳಿಯ ಪದಸಂಪತ್ತು ಕಟ್ಟುವ ಕೆಲಸದ ಸುತ್ತ ಬೆಳೆದಿದೆ.

ಹಳೆಯ ಮೈಸೂರಿನ ರಾಗಿಯ ಸೀಮೆಯಲ್ಲಿ ಸ್ಥಿತಿ ಇದಕ್ಕೆ ವ್ಯತಿರಿಕ್ತ. ಕೊಯ್ದ ರಾಗಿಯನ್ನು ತೆನೆಸಹಿತವಾಗಿ ಮೆದೆ ಹಾಕಿ ಕೆಲವು ವಾರ, ಕೆಲವೊಮ್ಮೆ ಎರಡು ಮೂರು ತಿಂಗಳು ಬಿಟ್ಟು, ಆಮೇಲೆ ಕಣದಲ್ಲಿ ಹರವಿ ಎತ್ತುಗಳಿಂದ ತುಳಿಸುತ್ತಾರೆ ಅಥವಾ ಕಲ್ಲಿನ ಗುಂಡನ್ನು ಎಳೆಸುತ್ತಾರೆ. ತುಳಿತಕ್ಕೆ ಸಿಕ್ಕ ಹುಲ್ಲು ಮೆತ್ತಗಾಗುತ್ತದೆ. ದನಗಳಿಗೆ ಅದು ಹಿತ. ಆದರೆ ಕಡ್ಡಿಗಳು ಒಂದರೊಳಗೊಂದು ಹೆಣೆದುಕೊಂಡು ಸಿಕ್ಕಾಗುವುದರಿಂದ ಬರಿಗೈಯಲ್ಲಿ ಎತ್ತಿದರೆ ಎತ್ತಿದಷ್ಟೂ ಎಳೆದುಕೊಂಡು ಬರುತ್ತದೆ, ಕಾಳು ಒಳಗೇ ಸಿಕ್ಕಿಕೊಳ್ಳುತ್ತದೆ. ಇಲ್ಲಿ ಕವೆಗೋಲು ಅನಿವಾರ್ಯ. ತುಳಿದ ಪದರದ ಅಡಿಗೆ ಕವೆಯನ್ನು ತೂರಿಸಿ, ಮೇಲೆತ್ತಿ, ಕೊಡಹಿ, ಮಗುಚಿ ಹಾಕಿದರೆ ಕಾಳು ಕೆಳಗಿಳಿಯುತ್ತದೆ. ಕೊನೆಗೆ ಕಾಳಿಲ್ಲದ ಹುಲ್ಲನ್ನು ಅದೇ ಕೋಲಿನಿಂದ ಕಣದ ಅಂಚಿಗೆ ಸರಿಸುತ್ತಾರೆ. ಹೀಗೆ ಸಿಕ್ಕಾದ ಹುಲ್ಲನ್ನು ಬಣವೆ ಒಟ್ಟಿದ ಮೇಲೆ, ದಿನದಿನವೂ ಸ್ವಲ್ಪ ಸ್ವಲ್ಪವಾಗಿ ಹೊರತೆಗೆಯಲು ಕೊಕ್ಕೆ ಬೇಕಾಗುತ್ತದೆ. ಕವೆ ಮತ್ತು ಕೊಕ್ಕೆ ಎರಡೂ ತುಳಿತದ ಮಕ್ಕಳು.

ಉತ್ತರ ಕರ್ನಾಟಕದ ಬಿಳಿಜೋಳದ ಸೀಮೆ ಮೂರನೆಯ ಬಗೆ. ಅಲ್ಲಿ ತೆನೆಯನ್ನು ಮುರಿದು ಬೇರೆಯಾಗಿ ಕಣಕ್ಕೆ ತರುವುದರಿಂದ ದಂಟು ಎತ್ತಿನ ಕಾಲಿಗೆ ಸಿಗುವುದೇ ಇಲ್ಲ. ಹಂತಿ ಹೂಡುವುದು ತೆನೆಯ ಮೇಲೆ. ದಂಟು ಹೊಲದಲ್ಲೇ ಸಿವುಡಾಗಿ, ಗೂಡಾಗಿ ನಿಂತು ಒಣಗಿ, ಬಂಡಿಯೇರಿ ಬಣವಿಯಾಗುತ್ತದೆ. ಬೇಕೆಂದಾಗ ಇಡೀ ಕಟ್ಟನ್ನೇ ಕೆಳಗಿಳಿಸುತ್ತಾರೆ. ಕಣದ ಉಪಕರಣವೂ ಮೇವಿನ ಉಪಕರಣವೂ ಅಲ್ಲಿ ಬೇರೆ ಬೇರೆ ದಾರಿ ಹಿಡಿದಿವೆ.

ಒಂದೇ ಭಾಷೆಯ ಮೂರು ಸೀಮೆಗಳಲ್ಲಿ ಪದಗಳ ಸಾಂದ್ರತೆ ಬೇರೆ ಬೇರೆ ಕಡೆ ಇರುವುದನ್ನು ಉಪಭಾಷೆಯ ಭೇದವೆಂದಷ್ಟೇ ವಿವರಿಸಿದರೆ ಸಾಲದು ಎಂಬುದಕ್ಕೆ ಇದು ನಿದರ್ಶನ. ಬಣವೆಗೆ ಇರುವ ಪರ್ಯಾಯಗಳನ್ನು ನೋಡಿ: ಮೈಸೂರು ಮಂಡ್ಯಗಳ ಕಡೆ ಮೆದೆ, ಬಣವೆ, ಬೆಂಗಳೂರು ಗ್ರಾಮಾಂತರ, ಕೋಲಾರದ ಕಡೆ ವಾಮೆ, ಮಲೆನಾಡಿನಲ್ಲಿ ಗೊಣಬೆ, ಕರಾವಳಿಯಲ್ಲಿ ಕುತ್ರಿ, ಧಾರವಾಡ ವಿಜಯಪುರಗಳಲ್ಲಿ ಬಣವಿ. 'ವಾಮೆ'ಯನ್ನು ತೆಲುಗಿನ 'ವಾಮಿ'ಯಿಂದ ಬೇರ್ಪಡಿಸಲಾಗದು, ಗಡಿಯ ಭಾಷೆಗೆ ಅದು ಸಹಜವೇ. ಉಳಿದವುಗಳನ್ನು ಸಮಾನಾರ್ಥಕಗಳೆಂದು ಒಂದೇ ಸಾಲಿನಲ್ಲಿ ಬರೆದುಬಿಡುವುದು ಮಾತ್ರ ಅಪಾಯಕರ. ತೆನೆಯೊಡನೆ ಒಟ್ಟಿದ್ದೂ ಕಾಳು ತೆಗೆದು ಒಟ್ಟಿದ್ದೂ ಒಂದೇ ಅಲ್ಲ; ಉದ್ದವಾಗಿ ಒಟ್ಟಿದ್ದೂ ನಡುವೆ ಕಂಬ ನಿಲ್ಲಿಸಿ ಸುತ್ತಲೂ ದುಂಡಗೆ ಒಟ್ಟಿದ್ದೂ ಒಂದೇ ಅಲ್ಲ. ಒಂದರಿಂದ ಹುಲ್ಲು ತೆಗೆಯುವ ಕ್ರಮ ಇನ್ನೊಂದಕ್ಕೆ ಹೊಂದುವುದಿಲ್ಲ, ಹಾಗಾಗಿ ಉಪಕರಣವೂ ಹೊಂದುವುದಿಲ್ಲ.

'ಬಣವೆ' ಹಳೆಯ ಪದ. ಹಳಗನ್ನಡದಲ್ಲಿ ಇದರ ರೂಪ 'ಬಣಂಬೆ'. ಯುದ್ಧವರ್ಣನೆಗಳಲ್ಲಿ ಹೆಣಗಳ ರಾಶಿಗೂ ಇದೇ ಪದ ಬಳಕೆಯಾಗಿರುವುದು ಹಳಗನ್ನಡದ ಓದುಗರಿಗೆ ಪರಿಚಿತ. ಇದನ್ನು ಕವಿಯ ಉತ್ಪ್ರೇಕ್ಷೆಯೆಂದು ಬಿಟ್ಟುಬಿಡದೆ ಜೊತೆಗಿರುವ ಪದಗಳನ್ನು ಗಮನಿಸಿದರೆ ಒಂದು ವ್ಯವಸ್ಥೆ ಗೋಚರಿಸುತ್ತದೆ. ಕಳ ಅಥವಾ ಕಣ ಎಂದರೆ ಒಕ್ಕುವ ನೆಲವೂ ಹೌದು, ಕಾಳಗದ ನೆಲವೂ ಹೌದು. ತಮಿಳಿನ 'ಕಳಂ' ಪದಕ್ಕೂ ಈ ಎರಡು ಅರ್ಥಗಳಿವೆ, ಪುರನಾನೂರಿನ ಕೆಲವು ಪದ್ಯಗಳಲ್ಲಂತೂ ರಣರಂಗವನ್ನು ಒಕ್ಕಣೆಯ ಕಣವಾಗಿ ಪೂರ್ಣರೂಪಕದಲ್ಲಿ ಕಲ್ಪಿಸಲಾಗಿದೆ. ಸಂಸ್ಕೃತದ 'ಖಲ' ಶಬ್ದವೂ ದ್ರಾವಿಡ ಮೂಲದ್ದೆಂದು ಊಹಿಸಿದ ವಿದ್ವಾಂಸರಿದ್ದಾರೆ. ಇನ್ನು 'ಹಿರಿ' ಧಾತು. ಒರೆಯಿಂದ ಕತ್ತಿಯನ್ನು ಹಿರಿಯುತ್ತಾರೆ. ಬಣವೆಯಿಂದ ಹುಲ್ಲನ್ನು ಹಿರಿಯುತ್ತಾರೆ. ಬಿಗಿಯಾಗಿ ಒತ್ತಿಕೊಂಡಿರುವ ಒಂದರೊಳಗಿನಿಂದ ಉದ್ದನೆಯದನ್ನು ಒಂದೇ ಎಳೆತಕ್ಕೆ ಹೊರಗೆ ತರುವ ಕ್ರಿಯೆಗೆ ಮಾತ್ರ ಈ ಧಾತು ಸಲ್ಲುತ್ತದೆ. ಇಂದಿನ ಪತ್ರಿಕೆಗಳು 'ಚುನಾವಣಾ ಕಣ' ಎಂದು ಬರೆಯುವಾಗ ಕಾಳಗದ ಅರ್ಥವನ್ನು ಉಳಿಸಿಕೊಂಡಿವೆ. ಒಕ್ಕಣೆಯ ಅರ್ಥವನ್ನು ಪೇಟೆಯ ವಿದ್ಯಾರ್ಥಿಗೆ ವಿವರಿಸಿ ಹೇಳಬೇಕಾಗಿದೆ.

ಕಣದ ನಡುವೆ ನಿಲ್ಲುವ ಮೇಟಿ ಈ ಲೇಖನದ ದೃಷ್ಟಿಯಿಂದ ಅಪವಾದರೂಪದ ಉಪಕರಣ. ಅದಕ್ಕೆ ಹೆಸರೂ ಇದೆ, ಗೌರವವೂ ಇದೆ, ಸಾಹಿತ್ಯವೂ ಇದೆ. ಅಮರಕೋಶದ ವೈಶ್ಯವರ್ಗದಲ್ಲಿ ಕಣದಲ್ಲಿ ದನಗಳನ್ನು ಕಟ್ಟಲು ನೆಟ್ಟ ಮರಕ್ಕೆ 'ಮೇಧಿ' ಎಂಬ ಹೆಸರು ಬರುತ್ತದೆ. ಸಂಸ್ಕೃತದ 'ಕೃಷಿಪರಾಶರ'ದಲ್ಲಿ ಮೇಧಿಯನ್ನು ನೆಡುವ ವಿಧಿಗೇ ಒಂದು ಭಾಗ ಮೀಸಲಾಗಿದ್ದು, ಆಲ, ಅತ್ತಿ ಮುಂತಾದ ಹಾಲು ಬರುವ ಮರಗಳು ಅದಕ್ಕೆ ಯೋಗ್ಯವೆಂದು ಹೇಳಿದೆ. ಕನ್ನಡದ 'ಮೇಟಿ' ಈ ಶಬ್ದದ ತದ್ಭವವೆಂದು ಭಾವಿಸಬಹುದು. ತೊಡಕು ಬರುವುದು ಸರ್ವಜ್ಞನ ಹೆಸರಿನಲ್ಲಿ ಪ್ರಚಲಿತವಾಗಿರುವ 'ಮೇಟಿ ವಿದ್ಯೆ' ಎಂಬ ಪ್ರಯೋಗದಲ್ಲಿ. ನೇಗಿಲ ಹಿಡಿಗೆ ಮೇಳಿ, ಮೇಡಿ, ಮೇಣಿ ಎಂಬ ರೂಪಗಳಿದ್ದು, ಇವು ತಮಿಳಿನ 'ಮೇೞಿ'ಯೊಡನೆ ಸಂಬಂಧವುಳ್ಳ ದ್ರಾವಿಡ ಪದಗಳು. ಸರ್ವಜ್ಞನ ಮೇಟಿ ಕಣದ ಕಂಬವೋ ನೇಗಿಲ ಹಿಡಿಯೋ? ತರಗತಿಗಳಲ್ಲಿ ಎರಡೂ ಅರ್ಥಗಳನ್ನು ಹೇಳುವವರಿದ್ದಾರೆ. ಎರಡು ಬೇರೆ ಮೂಲದ ಪದಗಳು ಜನರ ಬಾಯಲ್ಲಿ ಒಂದನ್ನೊಂದು ಸಮೀಪಿಸಿ, ಒಟ್ಟು ಬೇಸಾಯಕ್ಕೇ ಸಂಕೇತವಾಗಿವೆ ಎಂದು ನನಗೆ ತೋರುತ್ತದೆ. ಉತ್ತಿಗೆ ಹಿಡಿ ಮೊದಲು, ಒಕ್ಕಲು ಕಂಬ ಕೊನೆ. ನಡುವಿನದೆಲ್ಲ ಅದರಲ್ಲೇ ಅಡಗಿದೆ.

ಮೇಟಿಯ ಸುತ್ತ ಸುತ್ತುವ ಎತ್ತುಗಳ ಸಾಲೇ ಹಂತಿ. ಹಂತಿಯ ಹಾಡುಗಳು ಜಾನಪದ ಸಂಗ್ರಹಕಾರರ ಗಮನವನ್ನು ಬೇಗನೆ ಸೆಳೆದವು. 1931ರಲ್ಲಿ ಹಲಸಂಗಿ ಗೆಳೆಯರು 'ಗರತಿಯ ಹಾಡು' ಪ್ರಕಟಿಸಿದ ಮೇಲೆ ಬೀಸುವ ಕಲ್ಲು ಸಾಹಿತ್ಯಲೋಕಕ್ಕೆ ಬಂದಂತೆ, ಹಂತಿಯ ಮೂಲಕ ಮೇಟಿಯೂ ಬಂತು. ಕವೆಗೋಲಿಗೆ ಈ ಭಾಗ್ಯ ಒದಗಲಿಲ್ಲ. ರಾಶಿಯ ಪೂಜೆ, ರಾಶಿಯ ತಲೆಯ ಮೇಲಿನ ಸಗಣಿಯ ಬೆನಕ, ಮೊದಲ ಕೊಳಗವನ್ನು 'ಒಂದು' ಎನ್ನದೆ 'ಲಾಭ' ಎಂದು ಎಣಿಸುವ ಪದ್ಧತಿ, ಇವೆಲ್ಲ ಚೆನ್ನಾಗಿ ದಾಖಲಾಗಿವೆ. ರಾಶಿ ಅಳೆದು ಮುಗಿದೊಡನೆ ಸಂಗ್ರಹಕಾರ ಪುಸ್ತಕ ಮುಚ್ಚಿ ಬಸ್ಸು ಹಿಡಿಯುತ್ತಾನೆ. ಹುಲ್ಲಿನ ಕೆಲಸ ನಿಜವಾಗಿ ಶುರುವಾಗುವುದು ಆಮೇಲೆ, ಅದೂ ಹಾಡಿಲ್ಲದೆ.

ಇನ್ನೊಂದು ಕಾರಣ ಹಳ್ಳಿಯ ಆರ್ಥಿಕ ವ್ಯವಸ್ಥೆಯಲ್ಲಿದೆ. ನೇಗಿಲು, ಕೂರಿಗೆ, ಗಾಡಿ ಬಡಗಿಯ ಕೆಲಸ. ಅದಕ್ಕಾಗಿ ಆತನಿಗೆ ಕಣದಲ್ಲಿ ಆಯ ಸಲ್ಲುತ್ತಿತ್ತು. ಬಡಗಿಯ ಕೈಯಿಂದ ಬಂದ ವಸ್ತುವಿಗೆ ಅಂಗಾಂಗಗಳಿಗೂ ಹೆಸರು ಇರಲೇಬೇಕು. ಹೆಸರಿಲ್ಲದೆ ರಿಪೇರಿ ಹೇಳುವುದು ಹೇಗೆ? ಕವೆಗೋಲು, ಕೊಕ್ಕೆಗಳನ್ನು ಬಡಗಿ ಮಾಡುವುದಿಲ್ಲ. ರೈತನೋ ಆಳೋ ಬೇಲಿಯ ಬದಿಯ ಮರದಲ್ಲಿ ತಕ್ಕ ಕವಲನ್ನು ಗುರುತಿಟ್ಟು, ಮಚ್ಚಿನಿಂದ ಕಡಿದು, ಸಿಪ್ಪೆ ಸುಲಿದು, ಗಂಟು ಕೆತ್ತಿ, ನೆರಳಲ್ಲಿ ಆರಿಸಿ ಬಳಸುತ್ತಾನೆ. ಮುರಿದರೆ ಒಲೆಗೆ. ವಿನಿಮಯಕ್ಕೆ ಒಳಪಡದ ವಸ್ತುವಿಗೆ ಮಾತಿನ ಅಗತ್ಯವೂ ಕಡಿಮೆ. ಅದರ ಮೇಲೆ, ಇದನ್ನು ಹಿಡಿಯುತ್ತಿದ್ದವರು ಬಹುಪಾಲು ಕೂಲಿಯವರು, ಜೀತದವರು ಮತ್ತು ಹೆಂಗಸರು. ನಮ್ಮ ಕ್ಷೇತ್ರಕಾರ್ಯದ ವಕ್ತೃಗಳು ಹೆಚ್ಚಾಗಿ ಭೂಮಿಯ ಒಡೆಯರು. ಜಗಲಿಯ ಮೇಲೆ ಕುಳಿತು ಕೇಳಿದ ಪ್ರಶ್ನೆಗೆ ನೇಗಿಲಿನ ಹತ್ತು ಅಂಗಗಳ ಹೆಸರು ಬರುತ್ತದೆ, ಕವೆಗೋಲಿನ ಪ್ರಶ್ನೆಗೆ 'ಅದೊಂದು ಕೋಲು' ಎಂಬ ಉತ್ತರ ಬರುತ್ತದೆ. ಕೊಟ್ಟಿಗೆಯ ಹಿಂದೆ ಹೋಗಿ ಕೇಳಬೇಕಾದ ಪ್ರಶ್ನೆ ಅದು.

ಕವೆಯ ವಿಷಯವನ್ನು ಇನ್ನಷ್ಟು ನೋಡೋಣ. ಕವೆ, ಕವಲು ಒಂದೇ ಕುಟುಂಬದವು, ತಮಿಳಿನ 'ಕವೈ', ಮಲಯಾಳದ 'ಕವ' ಇವುಗಳ ಜ್ಞಾತಿಗಳು. ಕವೆ ಎಂಬುದು ಆಕಾರವಾಚಿ. ಬೇಲಿಗೆ ಮುಳ್ಳಿನ ಕೊಂಬೆಯನ್ನು ಒತ್ತುವುದೂ ಕವೆಗೋಲೇ, ಗೊನೆ ಬಿಟ್ಟ ಬಾಳೆಗೆ ಆನಿಸುವುದೂ ಕವೆಗೋಲೇ, ಹುಲ್ಲು ಕೊಡಹುವುದೂ ಕವೆಗೋಲೇ. ಮೂರಕ್ಕೂ ಒಂದೇ ಹೆಸರಿದ್ದರೂ ಮೂರು ಬೇರೆ ವಸ್ತುಗಳು. ಮುಳ್ಳಿನ ಕವೆಗೆ ಗಿಡ್ಡ ಕವಲು, ಗಟ್ಟಿ ಮರ ಸಾಕು, ನಯ ಬೇಕಿಲ್ಲ. ಬಾಳೆಗೆ ಆನಿಸುವುದರ ಕವಲು ಅಗಲವಾಗಿರಬೇಕು, ಇಲ್ಲದಿದ್ದರೆ ದಿಂಡಿಗೆ ಗಾಯವಾಗುತ್ತದೆ. ಹುಲ್ಲಿನ ಕವೆಗೋಲು ಹಗುರವಾಗಿರಬೇಕು, ಏಕೆಂದರೆ ಅದನ್ನು ದಿನವಿಡೀ ಎದೆಯ ಮಟ್ಟಕ್ಕೆ ಎತ್ತಿ ಕೊಡಹಬೇಕು. ಕವಲಿನ ಎರಡು ಬೆರಳುಗಳು ಉದ್ದವಾಗಿ, ತುದಿಯಲ್ಲಿ ತುಸು ಮೇಲಕ್ಕೆ ಬಾಗಿ, ಹುಲ್ಲು ಜಾರಿ ಹೋಗುವಷ್ಟು ನಯವಾಗಿರಬೇಕು. ಜಾರದಿದ್ದರೆ ಎತ್ತಿದ ಹುಲ್ಲು ಕೋಲಿಗೇ ಅಂಟಿಕೊಳ್ಳುತ್ತದೆ. ಕೋಶಕಾರ 'ಕವಲುಳ್ಳ ಕೋಲು' ಎಂದು ಬರೆದಾಗ ತಪ್ಪೇನೂ ಬರೆದಿಲ್ಲ; ಆದರೆ ಕೋಲನ್ನು ಆರಿಸುವವನಿಗೆ ಗೊತ್ತಿದ್ದ ಯಾವುದೂ ಆ ವಾಕ್ಯದಲ್ಲಿಲ್ಲ.

ಈ ಸಂದರ್ಭದಲ್ಲಿ ದೂರದ ಒಂದು ಹೋಲಿಕೆ ಉಪಯುಕ್ತ. ದಕ್ಷಿಣ ಫ್ರಾನ್ಸಿನ ಗಾರ್ ಪ್ರಾಂತದ ಸೋವ್ ಎಂಬ ಊರಿನಲ್ಲಿ ಹುಲ್ಲಿನ ಕವೆಗೋಲುಗಳನ್ನು ಮರದಲ್ಲೇ ಬೆಳೆಸುವ ಕಸುಬು ಶತಮಾನಗಳಿಂದ ನಡೆದುಬಂದಿದೆ. ಮಿಕೊಕೂಲಿಯೇ ಎಂಬ ಮರದ ಚಿಗುರುಗಳನ್ನು ವರ್ಷವರ್ಷವೂ ಸವರಿ, ಮೂರು ಕವಲು ಸಮನಾಗಿ ಬೆಳೆಯುವಂತೆ ನೋಡಿಕೊಂಡು, ಹಲವು ವರ್ಷಗಳ ನಂತರ ಕಡಿದು, ಬಿಸಿ ಮಾಡಿ ಬಾಗಿಸಿ ರೂಪು ಕೊಡುತ್ತಾರೆ. ಅಲ್ಲಿ ಕವೆಗೋಲು ಮಾರಾಟದ ವಸ್ತುವಾಯಿತು. ಆದ್ದರಿಂದ ಊರಿಗೆ ಅದರ ಹೆಸರು ಅಂಟಿತು, ಅದಕ್ಕೊಂದು ಸಂಗ್ರಹಾಲಯವೂ ಆಯಿತು. ನಮ್ಮಲ್ಲಿ ಕವಲನ್ನು ಬೆಳೆಸಲಿಲ್ಲ, ಹುಡುಕಿದೆವು. ಹುಡುಕುವ ಕಣ್ಣಿಗೂ ವಿದ್ಯೆ ಬೇಕು ಎಂಬುದನ್ನು ನಮ್ಮ ಜಾನಪದ ಅಧ್ಯಯನ ಒಪ್ಪಿಕೊಂಡಂತೆ ಕಾಣುವುದಿಲ್ಲ.

ಕಬ್ಬಿಣ ದೊರೆಯುತ್ತಿದ್ದ ಕಾಲದಲ್ಲೂ ಹುಲ್ಲಿನ ಕೆಲಸದಲ್ಲಿ ಮರವೇ ಏಕೆ ಉಳಿಯಿತು? ಬಡತನವೊಂದೇ ಕಾರಣವಲ್ಲ. ಕಣ ಎಂದರೆ ನೆಲವನ್ನು ಸಮ ಮಾಡಿ, ನೀರು ಹಾಕಿ ಬಡಿದು, ಸಗಣಿ ಬಳಿದ ಜಾಗ. ಕಬ್ಬಿಣದ ಮೊನೆ ಆ ಪದರವನ್ನು ಗೀರಿ ಎಬ್ಬಿಸುತ್ತದೆ, ಮಣ್ಣು ಕಾಳಿಗೆ ಸೇರುತ್ತದೆ. ಮರದ ಕವೆ ಸಗಣಿಯ ಮೇಲೆ ಜಾರುತ್ತದೆ. ರಾಶಿ ಎಳೆಯುವ ಗೋರುಮಣೆಯ ಅಂಚೂ ಇದೇ ಕಾರಣಕ್ಕೆ ಮರದ್ದು. ಎರಡನೆಯದಾಗಿ, ದನ ಮೇವನ್ನು ಆರಿಸಿ ತಿನ್ನುವ ಪ್ರಾಣಿಯಲ್ಲ. ಮುರಿದ ಮೊಳೆ, ತಂತಿಯ ಚೂರು ಹುಲ್ಲಿನೊಡನೆ ಹೊಟ್ಟೆ ಸೇರಿದರೆ ಅದು ಎರಡನೆಯ ಜಠರದಲ್ಲಿ ಉಳಿದು, ಗೋಡೆಯನ್ನು ಚುಚ್ಚಿ ಹೃದಯದವರೆಗೂ ಹೋಗಬಲ್ಲದೆಂಬುದು ಪಶುವೈದ್ಯರಿಗೆ ಚೆನ್ನಾಗಿ ತಿಳಿದ ಸಂಗತಿ. ಮರದ ಚೂರಿನಿಂದ ಅಂಥ ಭಯ ಕಡಿಮೆ. ಇನ್ನು ಮರದ ಆಯ್ಕೆ ಸೀಮೆಯ ಕಾಡನ್ನು ಅನುಸರಿಸುತ್ತದೆ. ಬಯಲುಸೀಮೆಯಲ್ಲಿ ಜಾಲಿ, ಬೋರೆ. ಕಾಡಿನ ಅಂಚಿನಲ್ಲಿ ಬಾಗಿದರೂ ಮುರಿಯದ ತಡಸಲು, ದಿಂಡಿಗ. ಮಲೆನಾಡಿನಲ್ಲಿ ಬಿದಿರು ಮತ್ತು ಅಡಕೆಯ ದಬ್ಬೆ.

ವ್ಯಾಕರಣದ ದೃಷ್ಟಿಯಿಂದಲೂ ಒಂದು ಅಂಶ ಪ್ರಸ್ತಾಪಾರ್ಹ. ಕವೆ ಎಂಬುದಕ್ಕೆ ಕೋಲು ಸೇರಿ ಕವೆಗೋಲು, ಹುಲ್ಲು ಎಂಬುದಕ್ಕೆ ಕೊಕ್ಕೆ ಸೇರಿ ಹುಲ್ಲುಗೊಕ್ಕೆ. ಉತ್ತರಪದದ ಆದಿಯ ಕಕಾರಕ್ಕೆ ಗಕಾರ ಬರುವ ಆದೇಶಸಂಧಿ ಕೇಶಿರಾಜನ ಕಾಲದಿಂದ ನಾವು ಪಾಠ ಹೇಳುತ್ತಿರುವುದೇ. ಕ್ಷೇತ್ರದಲ್ಲಿ ಇದು ಒಂದು ಪರೀಕ್ಷೆಯಾಗಿ ನೆರವಾಗುತ್ತದೆ. ವಕ್ತೃವು 'ಹುಲ್ಲಿನ ಕೊಕ್ಕೆ' ಎಂದರೆ ಅದು ಆ ಕ್ಷಣಕ್ಕೆ ಕೊಟ್ಟ ವಿವರಣೆಯಿರಬಹುದು. 'ಹುಲ್ಲುಗೊಕ್ಕೆ' ಎಂದರೆ ಆ ಊರಿನಲ್ಲಿ ಅದು ನೆಲೆಗೊಂಡ ಹೆಸರು. ಪ್ರಶ್ನಾವಳಿಯಲ್ಲಿ ಸಂಗ್ರಾಹಕನೇ ಸಮಾಸಪದವನ್ನು ಉಚ್ಚರಿಸಿ 'ಹೌದೇ?' ಎಂದು ಕೇಳಿದರೆ ಈ ಭೇದ ಅಳಿಸಿಹೋಗುತ್ತದೆ. ಧಾತುವಿನಿಂದ ಕೇಳುವುದು ಲೇಸು: 'ಬಣವೆಯಿಂದ ಹುಲ್ಲು ಏನು ಮಾಡುತ್ತೀರಿ? ಯಾವುದರಿಂದ?' ಮೊದಲ ಪ್ರಶ್ನೆಗೆ ಬರುವ ಉತ್ತರ ಹಿರಿ, ಕೀಳು, ಎಳೆ, ಸೆಳೆ ಇವುಗಳಲ್ಲಿ ಯಾವುದೆಂಬುದನ್ನು ಬರೆದಿಟ್ಟ ಮೇಲೆಯೇ ಎರಡನೆಯದಕ್ಕೆ ಹೋಗಬೇಕು.

ಈ ಕೆಲಸಕ್ಕೆ ಇರುವ ಅವಧಿ ದೀರ್ಘವಲ್ಲ. ಬತ್ತದ ಸೀಮೆಗಳಲ್ಲಿ ಕಂಬೈನ್ ಯಂತ್ರ ಕೊಯ್ಲನ್ನೂ ಒಕ್ಕಣೆಯನ್ನೂ ಗದ್ದೆಯಲ್ಲೇ ಒಟ್ಟಿಗೆ ಮುಗಿಸುತ್ತದೆ. ಅದರ ಹಿಂದಿನಿಂದ ಬೀಳುವ ಹುಲ್ಲು ತುಳಿದದ್ದೂ ಅಲ್ಲ, ಬಡಿದದ್ದೂ ಅಲ್ಲ. ಅದನ್ನು ಇನ್ನೊಂದು ಯಂತ್ರ ಉರುಳೆಯಾಗಿ ಸುತ್ತಿ ದಾರದಿಂದ ಬಿಗಿಯುತ್ತದೆ. ಅದಕ್ಕೆ ರೋಲು, ಬೇಲು, ಪೆಂಡಿ ಎಂಬ ಹೆಸರುಗಳು ಬಳಕೆಗೆ ಬಂದಿವೆ. ರಾಗಿ, ಹುರುಳಿಗಳ ಸೀಮೆಯಲ್ಲಿ ಡಾಂಬರು ರಸ್ತೆಯೇ ಕಣವಾಗಿ, ಹಾದುಹೋಗುವ ಲಾರಿ ಬಸ್ಸುಗಳೇ ಹಂತಿಯಾದದ್ದನ್ನು ಎಲ್ಲರೂ ಕಂಡಿದ್ದೇವೆ. ಸಂಚಾರದ ದೃಷ್ಟಿಯಿಂದ ಅದು ಅಪಾಯಕರವೆಂಬುದರಲ್ಲಿ ಸಂದೇಹವಿಲ್ಲ. ಪದಗಳ ವಿದ್ಯಾರ್ಥಿಗೆ ಮಾತ್ರ ಅಲ್ಲಿ ನೋಡಬೇಕಾದದ್ದಿದೆ: ಮೇಟಿ ಹೋಯಿತು, ಗುಂಡು ಹೋಯಿತು, ಸಗಣಿ ಬಳಿದ ನೆಲ ಹೋಯಿತು, ಆದರೆ ಎರಡು ವಾಹನಗಳ ನಡುವಿನ ಬಿಡುವಿನಲ್ಲಿ ಹುಲ್ಲನ್ನು ಮಗುಚಿ ಕೊಡಹುವ ಕೋಲು ಇನ್ನೂ ಕೈಯಲ್ಲಿದೆ, ಕೊಡಹು ಎಂಬ ಕ್ರಿಯಾಪದವೂ ಬಾಯಲ್ಲಿದೆ. ವಸ್ತುವಿಗಿಂತ ಕ್ರಿಯಾಪದ ಗಟ್ಟಿ. ಸಂಗ್ರಹಾಲಯಗಳಲ್ಲಿ ಇದರ ತಲೆಕೆಳಗಾದ ಸ್ಥಿತಿಯನ್ನು ಕಾಣುತ್ತೇವೆ. ವಸ್ತು ಗೋಡೆಗೆ ಒರಗಿ ಸುರಕ್ಷಿತವಾಗಿರುತ್ತದೆ, ಫಲಕದಲ್ಲಿ ಹೆಸರೂ ಇರುತ್ತದೆ, ಕ್ರಿಯಾಪದ ಇರುವುದಿಲ್ಲ.

ವೃತ್ತಿಪದಕೋಶದ ನಮೂದು ಹೇಗಿರಬೇಕೆಂಬುದಕ್ಕೆ ಕೊಕ್ಕೆಯನ್ನೇ ಮಾದರಿಯಾಗಿ ತೆಗೆದುಕೊಳ್ಳಬಹುದು. ತಲೆಪದ 'ಹಿರಿ' ಎಂದಿರಬೇಕು, 'ಕೊಕ್ಕೆ' ಅದರ ಅಡಿಯಲ್ಲಿ ಬರಬೇಕು. ಹಿರಿ: ಒತ್ತಾಗಿ ಒಟ್ಟಿದ ಬಣವೆಯೊಳಗಿನಿಂದ ಹುಲ್ಲನ್ನು ಎಳೆದು ಹೊರತೆಗೆ, ತೆನೆಯೊಡನೆ ಒಟ್ಟಿದ ಮೆದೆಗೆ ಈ ಮಾತು ಸಲ್ಲದು, ಅಲ್ಲಿ ಮೇಲಿನಿಂದ ಸಿವುಡನ್ನು ಇಳಿಸುತ್ತಾರೆ. ಸಾಧನ: ಕೊಕ್ಕೆ, ಹುಲ್ಲುಗೊಕ್ಕೆ. ಹಣ್ಣು ಕೀಳುವ ದೋಟಿಯ ಕೊಕ್ಕೆಗಿಂತ ಬೇರೆ. ಅದರದು ಉದ್ದನೆಯ ಗಳಕ್ಕೆ ಕಟ್ಟಿದ ಕೊಕ್ಕೆ. ಇದು ಒಂದೇ ಮರದ ತುಂಡು. ಆಳೆತ್ತರದೊಳಗಿನ ಕೋಲಿನ ತುದಿಯಲ್ಲಿ ಹಿಂದಕ್ಕೆ ಮುಖಮಾಡಿದ ಕವಲಿನ ಮೋಟನ್ನು ಗೇಣಿಗಿಂತ ಕಡಿಮೆ ಉಳಿಸಿ ಚೂಪು ಮಾಡಿರುತ್ತದೆ. ಮೋಟು ಮತ್ತು ಕೋಲಿನ ನಡುವಿನ ಕೋನ ಕಿರಿದಾಗಿರಬೇಕು. ಅಗಲವಾದರೆ ಹುಲ್ಲು ಹಿಡಿತಕ್ಕೆ ಸಿಗದು. ಪ್ರಯೋಗಕ್ರಮ: ಕೊಕ್ಕೆಯನ್ನು ಮೊನೆ ಕೆಳಮುಖವಾಗಿರುವಂತೆ ಬಣವೆಗೆ ಚುಚ್ಚಿ, ಅರ್ಧ ತಿರುವಿ, ಮೈಭಾರವನ್ನು ಹಿಂದಕ್ಕೆ ಬಿಟ್ಟು ಎಳೆಯುವುದು. ತಿರುವುದೆ ಎಳೆದರೆ ಕೋಲು ಬರಿದಾಗಿ ಹಿಂದೆ ಬಂದು ಎಳೆದವರು ಬೀಳುವುದುಂಟು. ಹಿರಿಯುವವರು: ಬೆಳಗಿನ ಮೇವು ಹಾಕುವ ಹೆಂಗಸರು, ಮಕ್ಕಳು, ಆಳು.

ಇಷ್ಟಕ್ಕೆ ನಮೂದು ಮುಗಿಯುವುದಿಲ್ಲ. ಬಣವೆಯ ಯಾವ ಮುಖದಿಂದ ಹಿರಿಯುತ್ತಾರೆಂಬುದನ್ನೂ ಬರೆಯಬೇಕು. ಮಳೆಯ ಇರಚಲು ಹೊಡೆಯುವ ಮುಖವನ್ನು ಮುಟ್ಟುವುದಿಲ್ಲ, ಏಕೆಂದರೆ ಆ ಕಡೆಯ ಹೊರಪದರ ಕಪ್ಪಾಗಿ ಗಟ್ಟಿಯಾಗಿ ಒಳಗಿನದನ್ನು ಕಾಯುತ್ತಿರುತ್ತದೆ. ಎದುರು ಬದಿಯಲ್ಲಿ, ಕೈಗೆಟಕುವ ಎತ್ತರದಲ್ಲಿ ಹಿರಿಯುತ್ತ ಹೋದಂತೆ ಬಣವೆಯಲ್ಲಿ ಒಂದು ಗವಿ ಮೂಡುತ್ತದೆ. ಮೇಲಿನ ಭಾಗ ಸೂರಿನಂತೆ ಮುಂದಕ್ಕೆ ಚಾಚಿಕೊಳ್ಳುತ್ತದೆ. ಬೇಸಿಗೆಯ ಕೊನೆಗೆ ಆ ಗವಿಯಲ್ಲಿ ಕೋಳಿ ಮೊಟ್ಟೆಯಿಡುತ್ತದೆ, ಕರು ನೆರಳಿಗೆ ನಿಲ್ಲುತ್ತದೆ. ಗವಿ ಎಷ್ಟು ಆಳವಾದ ಮೇಲೆ ಕೊಕ್ಕೆಯನ್ನು ಬಿಟ್ಟು ಕವೆಗೋಲನ್ನು ತಂದು ಮೇಲಿನದನ್ನು ಕೆಡವಬೇಕೆಂಬುದು ಆ ಮನೆಯಲ್ಲಿ ಮೇವು ಹಾಕುವವರಿಗೆ ಗೊತ್ತಿರುತ್ತದೆ. ಕೆಡವುವ ಆ ಕ್ರಿಯೆಗೆ ಆ ಊರಿನಲ್ಲಿ ಯಾವ ಧಾತು ಬಳಕೆಯಲ್ಲಿದೆ ಎಂಬುದು ಮುಂದಿನ ನಮೂದು.